ಹೊಂಡ ಸ್ವಂತದ್ದು, ಮೀನು ಯಾರದ್ದು?

ಕೃಷಿಹೊಂಡದಲ್ಲಿ ನಿಂತ ನೀರನ್ನು ಬರಿದೇ ಆವಿಯಾಗಲು ಬಿಡುವ ಬದಲು ನಾಲ್ಕು ಮೀನು ಸಾಕಿಕೊಳ್ಳಿ ಎಂಬ ಸಲಹೆಯಲ್ಲಿ ತಪ್ಪೇನೂ ಇಲ್ಲ. 2014ರಲ್ಲಿ ಕೃಷಿಭಾಗ್ಯ ಯೋಜನೆ ಆರಂಭವಾದ ಮೇಲೆ ಬಯಲುಸೀಮೆಯ ಒಣಭೂಮಿಯಲ್ಲಿ ಪಾಲಿಥಿನ್ ಹೊದಿಸಿದ ಹೊಂಡಗಳು ಎಲ್ಲೆಡೆ ಎದ್ದವು. ಸವದತ್ತಿಯಿಂದ ಬೇರ್ಪಟ್ಟು ಈಗ ತಾಲೂಕು ಕೇಂದ್ರವಾಗಿರುವ ಯರಗಟ್ಟಿಯ ಸೀಮೆಗೂ ಇದು ಹೊಸ ನೋಟವಲ್ಲ. ಮಳೆ ಕೈಕೊಟ್ಟ ವರ್ಷ ಜೋಳವೂ ಇಲ್ಲ, ಹತ್ತಿಯೂ ಇಲ್ಲ ಎನ್ನುವ ರೈತನಿಗೆ ಹೊಂಡದ ಮೀನು ಅಷ್ಟಿಷ್ಟು ಆಸರೆಯಾದರೆ ಅದನ್ನು ಆಕ್ಷೇಪಿಸುವ ಅಧಿಕಾರ ಯಾವ ಪರಿಸರವಾದಿಗೂ ಇಲ್ಲ.

ನಮ್ಮ ಆಕ್ಷೇಪ ಇರುವುದು ಮರಿಯ ಮೂಲದ ಬಗ್ಗೆ. ಬಿತ್ತನೆ ಬೀಜ ಕೊಳ್ಳುವಾಗ ಚೀಲದ ಮೇಲಿನ ಚೀಟಿ ಓದುವ ರೈತ, ಮೀನುಮರಿ ಕೊಳ್ಳುವಾಗ ಅದು ಯಾವ ಜಾತಿ, ಎಲ್ಲಿ ಹುಟ್ಟಿದ್ದು, ಯಾವ ನೀರಿನಲ್ಲಿ ಬಂದದ್ದು ಎಂದು ಕೇಳುವುದಿಲ್ಲ. ಕೇಳಿದರೂ ಬೈಕಿನ ಮೇಲೆ ಕ್ಯಾನಿಟ್ಟುಕೊಂಡು ಬರುವ ದಲ್ಲಾಳಿಯ ಬಳಿ ಉತ್ತರ ಇರುವುದಿಲ್ಲ. ಬೇಗ ಬೆಳೆಯುತ್ತದೆ, ಸಾಯುವುದಿಲ್ಲ, ಏನು ಹಾಕಿದರೂ ತಿನ್ನುತ್ತದೆ ಎಂಬ ಮೂರು ಮಾತುಗಳಲ್ಲಿ ವ್ಯಾಪಾರ ಮುಗಿಯುತ್ತದೆ. ಮಾರುವವನು ಗುಣವೆಂದು ಹೇಳುವ ಈ ಮೂರೂ ಲಕ್ಷಣಗಳು ಹೊಳೆಯ ಪಾಲಿಗೆ ಅಪಾಯದ ಲಕ್ಷಣಗಳು.

ಆಫ್ರಿಕನ್ ಕ್ಯಾಟ್‌ಫಿಶ್ ಇದಕ್ಕೆ ಮೊದಲ ಸಾಕ್ಷಿ. ಬಾಂಗ್ಲಾದೇಶದ ಗಡಿ ದಾಟಿ ಅಕ್ರಮವಾಗಿ ನಮ್ಮ ದೇಶವನ್ನು ಹೊಕ್ಕ ಈ ಮೀನು ಗಾಳಿಯನ್ನೇ ಉಸಿರಾಡಬಲ್ಲದು. ಹಸಿನೆಲದ ಮೇಲೆ ತೆವಳಿ ಒಂದು ಗುಂಡಿಯಿಂದ ಇನ್ನೊಂದಕ್ಕೆ ಹೋಗಬಲ್ಲದು. ಸಣ್ಣ ಮೀನು, ಕಪ್ಪೆ, ತತ್ತಿ ಯಾವುದನ್ನೂ ಬಿಡದು. ಇದರ ದಾಸ್ತಾನನ್ನು ನಾಶಪಡಿಸಬೇಕೆಂದು ಕೇಂದ್ರ ಕೃಷಿ ಸಚಿವಾಲಯ 1997ರಲ್ಲಿಯೇ ರಾಜ್ಯಗಳಿಗೆ ಸೂಚಿಸಿತು. ಅಷ್ಟಾಗಿಯೂ ಕರ್ನಾಟಕದಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ಸುರಿದು ಇದನ್ನು ಬೆಳೆಸುವ ಹೊಂಡಗಳ ಮೇಲೆ ದಾಳಿ ನಡೆದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಮರಿಯ ಹಂತದಲ್ಲಿ ಇದನ್ನು ನಮ್ಮ ನಾಡಿನ ಮಾಗುರಿನಿಂದ ಬೇರೆಯಾಗಿ ಗುರುತಿಸುವುದು ಸುಲಭವಲ್ಲ. ಆದ್ದರಿಂದ ‘ಊರಿನ ಮಾಗುರ್’ ಎಂಬ ಹೆಸರಿನಲ್ಲಿಯೇ ಅದು ಕೈ ಬದಲಾಯಿಸುತ್ತದೆ.

ತಿಲಾಪಿಯಾದ ಕಥೆ ಇನ್ನೂ ಹಳೆಯದು. 1952ರಲ್ಲಿ ಬಡವರ ಆಹಾರವೆಂದು ದೇಶಕ್ಕೆ ತರಲಾಯಿತು. ಅದರ ಹಾವಳಿಗೆ ಹೆದರಿ 1959ರಲ್ಲಿ ಭಾರತೀಯ ಮೀನುಗಾರಿಕೆ ಸಂಶೋಧನಾ ಸಮಿತಿ ಅದರ ಪ್ರಸಾರವನ್ನು ನಿಷೇಧಿಸಿತು. ಏಳು ವರ್ಷಗಳ ಅವಸರದ ಫಲವನ್ನು ದಕ್ಷಿಣದ ಕೆರೆಗಳು ಇಂದಿಗೂ ಉಣ್ಣುತ್ತಿವೆ. ತಾಯಿಮೀನು ತತ್ತಿಗಳನ್ನು ಬಾಯಲ್ಲಿಟ್ಟು ಕಾಯುವುದರಿಂದ ಮರಿಗಳು ಸಾಯುವುದು ಕಡಿಮೆ. ಎರಡು ಮೂರು ತಿಂಗಳಿಗೇ ಮತ್ತೆ ಮರಿಮಾಡುವ ವಯಸ್ಸು. ಹೊಂಡ ತುಂಬಾ ಅಂಗೈಗಿಂತ ಚಿಕ್ಕ ಮೀನು ಕಿಕ್ಕಿರಿದು, ಯಾವುದೂ ತೂಗುವಷ್ಟು ಬೆಳೆಯದೆ, ಸಾಕಿದವನಿಗೂ ನಷ್ಟವಾಗುತ್ತದೆ.

ಇದು ನಮ್ಮ ದೇಶದ ದುರ್ಗುಣ ಮಾತ್ರವಲ್ಲ. ಉತ್ತರ ಅಮೆರಿಕದಲ್ಲಿ ಹಳದಿ ಪರ್ಚ್ ಎಂಬ ಮೀನಿದೆ. ತಿನ್ನಲು ರುಚಿ, ಗಾಳ ಹಾಕುವವರಿಗೆ ಪ್ರಿಯ. ಖಾಸಗಿ ಕೊಳಕ್ಕೂ ಮೆಚ್ಚಿನ ಸರೋವರಕ್ಕೂ ಬಕೆಟಿನಲ್ಲಿ ಹೊತ್ತು ಬಿಡುವವರು ಅಲ್ಲಿಯೂ ಇದ್ದಾರೆ. ಹಾಗೆ ಅದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಕೆಲವು ಸರೋವರಗಳನ್ನು ಅಕ್ರಮವಾಗಿ ಸೇರಿದಾಗ, ಸಾಲ್ಮನ್ ಮೀನಿನ ಮರಿಗಳಿಗೆ ಕುತ್ತು ಬಂದೀತೆಂದು ಸರ್ಕಾರ ಆ ಸರೋವರಗಳಿಗೆ ರೋಟೆನೋನ್ ಎಂಬ ವಿಷ ಹಾಕಿ ಪರ್ಚ್ ಸಂತತಿಯನ್ನೇ ಕೊಲ್ಲಬೇಕಾಯಿತು. ಒಂದು ಬಕೆಟಿನ ತಪ್ಪನ್ನು ತಿದ್ದಲು ಇಡೀ ಸರೋವರಕ್ಕೆ ವಿಷ! ಅಂಥ ಖರ್ಚನ್ನು ಭರಿಸುವ ಶಕ್ತಿ ನಮ್ಮ ಯಾವ ಗ್ರಾಮ ಪಂಚಾಯಿತಿಗಿದೆ? ಆಫ್ರಿಕದ ವಿಕ್ಟೋರಿಯಾ ಸರೋವರಕ್ಕೆ 1950ರ ದಶಕದಲ್ಲಿ ನೈಲ್ ಪರ್ಚ್ ಬಿಟ್ಟರು. ರಫ್ತಿನ ಉದ್ಯಮ ಬೆಳೆದದ್ದು ನಿಜ. ಆ ಸರೋವರ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಇರದಿದ್ದ ನೂರಾರು ಬಗೆಯ ಪುಟ್ಟ ಮೀನುಗಳು ಕಣ್ಮರೆಯಾದದ್ದೂ ಅಷ್ಟೇ ನಿಜ.

‘ನಮ್ಮ ಹೊಂಡ ನಮ್ಮ ಹೊಲದಲ್ಲಿದೆ, ಹೊಳೆಗೂ ಅದಕ್ಕೂ ಏನು ಸಂಬಂಧ?’ ಎಂದು ಕೇಳುವವರಿದ್ದಾರೆ. ಸಂಬಂಧವನ್ನು ಕೋಡಿಯೇ ಹೇಳುತ್ತದೆ. ಯರಗಟ್ಟಿ ಸೀಮೆ ಮಲಪ್ರಭೆ ಮತ್ತು ಘಟಪ್ರಭೆಗಳ ನಡುವಿನ ನೆಲ. ಅಡ್ಡಮಳೆ ಸುರಿದ ದಿನ ಬದು ಒಡೆದು ಹೊರಟ ನೀರು ಹಳ್ಳ ಸೇರುತ್ತದೆ, ಹಳ್ಳ ಎರಡರಲ್ಲೊಂದು ಹೊಳೆ ಸೇರುತ್ತದೆ, ಎರಡು ಹೊಳೆಗಳೂ ಕೊನೆಗೆ ಕೃಷ್ಣೆಯನ್ನು ಸೇರುತ್ತವೆ. 2009ರ ಅಕ್ಟೋಬರಿನ ನೆರೆಯನ್ನೂ 2019ರ ಆಗಸ್ಟಿನ ನೆರೆಯನ್ನೂ ಕಂಡ ರಾಮದುರ್ಗ, ಸವದತ್ತಿಯ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರುಗಳನ್ನೇ ಹೊಕ್ಕ ನೀರು ಹೊಂಡದ ಬದುವನ್ನು ಗೌರವಿಸೀತೇ? 2018ರ ಕೇರಳದ ಮಹಾಪ್ರವಾಹದ ನಂತರ ಚಾಲಕ್ಕುಡಿ ಹೊಳೆಯಲ್ಲಿ ದಕ್ಷಿಣ ಅಮೆರಿಕದ ಅರಪೈಮಾ ಮೀನು ಸಿಕ್ಕಿತು. ಅದು ಸಾಗರ ದಾಟಿ ಈಜಿ ಬಂದದ್ದಲ್ಲ. ಯಾರೋ ಒಬ್ಬರು ತಮ್ಮ ‘ಸ್ವಂತ’ ಕೊಳದಲ್ಲಿ ಸಾಕಿದ್ದು.

ಮಲೆನಾಡಿನ ನಮಗೆ ಇದು ಕೆಳಗಿನವರ ಸಮಸ್ಯೆ ಎನಿಸಬಹುದು. ಮೀನು ಇಳಿಜಾರಿಗೆ ಮಾತ್ರ ಹೋಗುವುದಿಲ್ಲ. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟಿದೆ. ಆ ಜಲಾಶಯಕ್ಕೆ ಸೇರಿದ ಜೀವಿಗೆ ಮೇಲಿನ ಹೊಳೆಯ ದಾರಿ ತೆರೆದೇ ಇದೆ. ಮುಂಗಾರಿನ ಹೊಸನೀರಿಗೆ ಎದುರು ಹತ್ತುವುದು ಎಷ್ಟೋ ಮೀನುಗಳ ಸಹಜ ಗುಣ. 2015ರಿಂದ ನರಗುಂದದಲ್ಲಿ ವರ್ಷಗಟ್ಟಲೆ ಧರಣಿ ಕುಳಿತು ಮಲಪ್ರಭೆಗೆ ನೀರು ತನ್ನಿ ಎಂದು ಕೇಳಿದರು. ನೀರಿನ ಪ್ರಮಾಣವನ್ನು ಟಿಎಂಸಿಯಲ್ಲಿ ಅಳೆಯಲು ಪರವಿರೋಧದ ಎಲ್ಲ ನಾಯಕರಿಗೂ ಬರುತ್ತದೆ. ಆ ನೀರಿನಲ್ಲಿ ಯಾವ ಜೀವ ಉಳಿದಿದೆ ಎಂದು ಮಾತ್ರ ಯಾವ ವೇದಿಕೆಯಿಂದಲೂ ಯಾರೂ ಕೇಳಿದಂತಿಲ್ಲ.

ವಿದೇಶಿ ಮೀನು ಮಾತ್ರ ಅಪಾಯ, ದೇಶದ್ದಾದರೆ ಸರಿ ಎಂಬ ಭ್ರಮೆಯೂ ಬೇಡ. ಪುಣೆಯ ಸಮೀಪದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು ಕೃಷ್ಣಾ ಕೊಳ್ಳದ ಮಹಶೀರ್ ಮೀನನ್ನು ಕೃತಕವಾಗಿ ಮರಿಮಾಡಿಸಿ, 1970ರ ದಶಕದಿಂದ ದೇಶದ ಹಲವು ನದಿಗಳಿಗೆ ಹಂಚಿದರು. ಉದ್ದೇಶ ಒಳ್ಳೆಯದೇ. ಆ ಮರಿಗಳು ಕಾವೇರಿಗೂ ಹೋದವು. ಕಾವೇರಿಗೆ ತನ್ನದೇ ಆದ ಗೂನುಬೆನ್ನಿನ ಮಹಶೀರ್ ಇತ್ತು. ಜಗತ್ತಿನ ಬೇರಾವ ನದಿ ಕೊಳ್ಳದಲ್ಲಿಯೂ ಅದಿಲ್ಲ. ಹೊರಗಿನಿಂದ ಬಂದದ್ದು ಹೆಚ್ಚುತ್ತ, ಒಳಗಿನದ್ದು ಕುಗ್ಗುತ್ತ ಹೋಗಿ, 2018ರಲ್ಲಿ ಗೂನುಬೆನ್ನಿನ ಮಹಶೀರ್ ಅತ್ಯಂತ ಗಂಭೀರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪುಪಟ್ಟಿಯನ್ನು ಸೇರಿತು. ಮೀನಿಗೆ ದೇಶದ ಗಡಿ ತಿಳಿಯದು. ಅದಕ್ಕಿರುವುದು ಕೊಳ್ಳದ ಗಡಿ. ಕೃಷ್ಣೆಯ ಮನೆಮಗ ಕಾವೇರಿಯಲ್ಲಿ ಪರದೇಶಿ.

ಈ ವಿಷಯದಲ್ಲಿ ಇಲಾಖೆಯೇ ಶುದ್ಧಹಸ್ತದ್ದಲ್ಲ. ಕಟ್ಲಾ, ರೋಹು, ಮೃಗಾಲ್ ಗಂಗೆಯ ಬಯಲಿನ ಮೀನುಗಳು. ಸಾಮಾನ್ಯ ಗೆಂಡೆ ಹೊರದೇಶದ್ದು. ವರ್ಷವರ್ಷವೂ ಇವುಗಳ ಮರಿಗಳನ್ನು ಲಕ್ಷಗಳ ಲೆಕ್ಕದಲ್ಲಿ ಕೆರೆ, ಜಲಾಶಯಗಳಿಗೆ ಸುರಿದು ವರದಿ ಬರೆಯಲಾಗುತ್ತದೆ. ಸೊಳ್ಳೆಯ ಹೆಸರಿನಲ್ಲಿ ಆರೋಗ್ಯ ಇಲಾಖೆ ಬಿಡುವ ಗಂಬೂಸಿಯಾವನ್ನೂ ಇದರೊಂದಿಗೆ ಸೇರಿಸಬೇಕು. ಅದು ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಹೀಗಿದ್ದರೂ ನಾವು ವ್ಯತ್ಯಾಸವನ್ನು ಮರೆಯಬಾರದು. ಗಂಗೆಯ ಗೆಂಡೆಗಳು ನಿಂತ ನೀರಿನಲ್ಲಿ ಮರಿಮಾಡುವುದಿಲ್ಲ. ಹೊಂಡದಲ್ಲಿ ಹಿಡಿದು ಮುಗಿಸಿದರೆ ಮುಗಿಯಿತು. ಕ್ಯಾಟ್‌ಫಿಶ್, ತಿಲಾಪಿಯಾಗಳಿಗೆ ಹೋಲಿಸಿದರೆ ಕೃಷಿಹೊಂಡಕ್ಕೆ ಇವು ಸಹ್ಯ. ಬೆಂಗಳೂರಿನ ಹೆಸರಘಟ್ಟದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ದಕ್ಷಿಣದ ನದಿಗಳ ಸ್ವಂತ ಗೆಂಡೆಯಾದ ಲೇಬಿಯೋ ಫಿಂಬ್ರಿಯೇಟಸ್ ಮೀನನ್ನು ಮರಿಮಾಡಿಸುವ ವಿಧಾನ ರೂಪಿಸಿದೆ. ಆ ಮರಿ ಯರಗಟ್ಟಿಯ ರೈತನ ಕೈಗೆ ಏಕೆ ಸಿಗಬಾರದು? ಇಲಾಖೆ ಉತ್ತರಿಸಬೇಕಾದ ಪ್ರಶ್ನೆ ಇದು.

ಇನ್ನು ಸಾಗಣೆ. ಸರಿಯಾದ ಕ್ರಮ ಗುಟ್ಟೇನಲ್ಲ. ಮರಿಗಳಿಗೆ ಒಂದು ದಿನ ಮೊದಲೇ ಆಹಾರ ನಿಲ್ಲಿಸಬೇಕು; ಪಾಲಿಥಿನ್ ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ; ಪ್ರಯಾಣ ರಾತ್ರಿ ಅಥವಾ ಬೆಳಗಿನ ತಂಪಿನಲ್ಲಿ. ಹೊಂಡ ತಲುಪಿದ ಮೇಲೆ ಚೀಲವನ್ನು ಬಿಚ್ಚದೆ ಕಾಲು ಗಂಟೆ ತೇಲಬಿಟ್ಟು, ಎರಡೂ ನೀರಿನ ಉಷ್ಣತೆ ಸಮವಾದ ಮೇಲೆ ಮರಿಗಳನ್ನು ಬಿಡಬೇಕು. ಚೀಲದ ನೀರನ್ನು ಮಾತ್ರ ಹೊಂಡಕ್ಕಾಗಲಿ ಹಳ್ಳಕ್ಕಾಗಲಿ ಸುರಿಯದೆ ದೂರದ ಒಣನೆಲಕ್ಕೆ ಚೆಲ್ಲಬೇಕು. ಮೀನುಹೇನು, ಲಂಗರುಹುಳು, ಹೆಸರು ಗೊತ್ತಿಲ್ಲದ ಬೇರೆ ಜಾತಿಯ ಮರಿ ಎಲ್ಲವೂ ಪಯಣಿಸುವುದು ಆ ನೀರಿನಲ್ಲಿಯೇ. 1988ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿಕೊಂಡ ಮೀನಿನ ಹುಣ್ಣುರೋಗ ಕೆಲವೇ ವರ್ಷಗಳಲ್ಲಿ ದಕ್ಷಿಣದ ಕೆರೆಗಳಿಗೂ ಬಂದು ಮುಟ್ಟಿತೆಂಬುದನ್ನು ನೆನೆಯಿರಿ.

ಎಷ್ಟು ಮರಿ ಬೇಕೆಂಬ ಲೆಕ್ಕದಲ್ಲಿಯೂ ಮೋಸವಿದೆ. 21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡದ ಮೇಲ್ಮೈ 441 ಚದರ ಮೀಟರ್. ಹೆಕ್ಟೇರಿಗೆ 5,000ದಿಂದ 10,000 ಎಂಬ ವಾಡಿಕೆಯ ಲೆಕ್ಕ ಹಿಡಿದರೆ 220ರಿಂದ 440 ಮರಿ ಸಾಕು. ಸಾವಿರಗಟ್ಟಲೆ ಮರಿ ಮಾರುವವನು ನಿಮ್ಮ ಹೊಂಡವನ್ನಲ್ಲ, ನಿಮ್ಮ ಜೇಬನ್ನು ಅಳೆದಿರುತ್ತಾನೆ. ಮಾಘ ಮುಗಿಯುವಷ್ಟರಲ್ಲಿ ಬತ್ತುವ ಹೊಂಡಕ್ಕೆ ಬೆರಳುದ್ದಕ್ಕಿಂತ ದೊಡ್ಡದಾದ ಬಲಿತ ಮರಿಯನ್ನೇ ತರಬೇಕು. ಸೊಳ್ಳೆಯ ಗಾತ್ರದ ಮರಿ ತಂದರೆ ನೀರು ಮೊದಲು ಮುಗಿಯುತ್ತದೆ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು. ಮರಿ ಮಾರುವ ಪ್ರತಿಯೊಬ್ಬನೂ ಜಾತಿ ಮತ್ತು ಮರಿಕೇಂದ್ರದ ಹೆಸರಿರುವ ರಸೀದಿ ಕೊಡಬೇಕು. ರಸೀದಿ ಇಲ್ಲದ ಮರಿಯನ್ನು ರೈತರು ಕೊಳ್ಳಬಾರದು. ಸಹಾಯಧನದ ಹೊಂಡಕ್ಕೆ ಕೋಡಿಯ ಬಾಯಿಗೆ ಸಣ್ಣಕಣ್ಣಿನ ಜಾಲರಿ ಕಡ್ಡಾಯವಾಗಬೇಕು, ಅದರ ಖರ್ಚು ಯೋಜನೆಯ ಅಂದಾಜಿನಲ್ಲಿಯೇ ಸೇರಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲಾತಿ ಸಿದ್ಧವಾಗಬೇಕು. ನಿಮ್ಮ ಪಂಚಾಯಿತಿಯ ದಾಖಲಾತಿಯಲ್ಲಿ ಹಳ್ಳದ ಮೀನುಗಳ ಪುಟ ಇದೆಯೇ ಎಂದು ವಿದ್ಯಾರ್ಥಿ ಮಿತ್ರರು ಹೋಗಿ ಕೇಳಿ ನೋಡಿ. ಇಲ್ಲವೆಂದಾದರೆ ಊರಿನ ಬೆಸ್ತರನ್ನೂ ಗಾಳ ಹಾಕುವ ಹಿರಿಯರನ್ನೂ ಕೂರಿಸಿಕೊಂಡು, ಅವರು ಬಲ್ಲ ಹೆಸರುಗಳನ್ನು ಅವರ ಮಾತಿನಲ್ಲಿಯೇ ಬರೆದುಕೊಂಡು, ಹಿಂದೆ ಸಿಗುತ್ತಿದ್ದು ಈಗ ಸಿಗದವುಗಳ ಮುಂದೆ ಒಂದು ಗುರುತು ಹಾಕಿ, ಮುಂದಿನ ಗ್ರಾಮಸಭೆಯಲ್ಲಿ ಓದಿ ಹೇಳಿ. ಮುಂಗಾರಿನ ಮೊದಲ ಮಳೆಗೆ ಮುಂಚೆಯೇ ಈ ಕೆಲಸವಾಗಲಿ. ದಲ್ಲಾಳಿಯ ಕ್ಯಾನುಗಳು ಊರಿಗೆ ಬರುವುದು ಆ ಮಳೆಯ ಬೆನ್ನಿಗೇ.