ಹಠಾತ್ತು ಯಾರಿಗೆ?

ಕಂಪನಿ ಹಠಾತ್ತನೆ ಬೀಗ ಹಾಕಿತು ಎಂಬ ಮಾತನ್ನು ನಾವೆಲ್ಲ ಕೇಳುತ್ತ ಬಂದಿದ್ದೇವೆ. ಬಂಧುಗಳೇ, ಈ ‘ಹಠಾತ್ತು’ ಎಂಬ ಪದವನ್ನು ತುಸು ಒರೆಗೆ ಹಚ್ಚಿ ನೋಡಬೇಕಾಗಿದೆ. ಬೆಳಗಿನ ಪಾಳಿಗೆ ಬಂದು ಗೇಟಿನಲ್ಲಿ ನೋಟೀಸು ಓದಿದವನಿಗೆ ಅದು ಹಠಾತ್ತೇ ಸರಿ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿತ್ತೋ ಅವರಿಗೆ ಎಂದು ಗೊತ್ತಾಗಿತ್ತು?

ಕೋಲಾರದ ಚಿನ್ನದ ಗಣಿಯನ್ನು ನೋಡೋಣ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಹಾಕಿದ ಗಣಿ, 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೆ ಬಂತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಆ ದಿನ ಕೆಲಸ ಕಳೆದುಕೊಂಡವರು ಸುಮಾರು 3,500 ಮಂದಿ. ಆದರೆ ಈ ಕಂಪನಿ ರೋಗಗ್ರಸ್ತವೆಂದು ಬಿ.ಐ.ಎಫ್.ಆರ್. ಮಂಡಳಿಯ ಮುಂದೆ ಹೋದದ್ದು 1992ರಲ್ಲಿ. ನಡುವೆ ಒಂಬತ್ತು ವರ್ಷ! ಒಂದು ಮಗು ಹುಟ್ಟಿ ಮೂರನೆಯ ತರಗತಿಗೆ ಹೋಗುವಷ್ಟು ಕಾಲ. ಅಷ್ಟು ಕಾಲದಲ್ಲಿ ಗಣಿಯ ಪ್ರತಿಯೊಬ್ಬ ಕಸಬುದಾರನಿಗೂ ಅವನ ಕಸಬಿನ ಒಂದು ಯೋಗ್ಯ ಸರ್ಟಿಫಿಕೇಟು ಕೊಡಿಸಬಹುದಿತ್ತು, ಇನ್ನೊಂದು ಕೆಲಸ ಕಲಿಸಬಹುದಿತ್ತು. ಹಾಗೆ ಮಾಡಿದ್ದರೆ ಬೀಗ ಬೀಳುವುದು ತಪ್ಪುತ್ತಿರಲಿಲ್ಲ, ನಿಜ. ಬೀಗ ಬಿದ್ದ ಮರುದಿನದ ಹಾದಿ ಇಷ್ಟು ಕತ್ತಲಾಗಿರುತ್ತಿರಲಿಲ್ಲ ಎಂಬುದೇ ನಮ್ಮ ವಾದ.

ಅಲ್ಲಿದ್ದ ಕಸಬು ಸಾಮಾನ್ಯದ್ದಲ್ಲ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳ. ಅಷ್ಟು ಆಳಕ್ಕೆ ಜನರಿದ್ದ ತೊಟ್ಟಿಲನ್ನು ಇಳಿಸಿ ಹತ್ತಿಸುವ ವೈಂಡಿಂಗ್ ಎಂಜಿನ್ ಡ್ರೈವರನ ಕೈ ಒಂದು ಗಳಿಗೆ ತಪ್ಪಿದರೂ ಹಲವು ಮನೆಗಳ ದೀಪ ಆರುತ್ತಿತ್ತು. ಬಂಡೆಗೆ ಮರದ ಆಧಾರ ಕೊಡುವ ಟಿಂಬರ್‌ಮನ್ ಬಂಡೆಯ ಸದ್ದು ಕೇಳಿಯೇ ಅಪಾಯ ಅಳೆಯಬೇಕಿತ್ತು. (ಬೆಂಗಳೂರಿಗಿಂತ ಮೊದಲು, 1902ರಲ್ಲೇ, ಶಿವನಸಮುದ್ರದ ವಿದ್ಯುತ್ತು ಕಂಡ ಊರು ಅದು. ಎಲೆಕ್ಟ್ರಿಷಿಯನ್ನರ ತಲೆಮಾರುಗಳೇ ಅಲ್ಲಿ ಬೆಳೆದವು.) ಎಂಜಿನ್ ಡ್ರೈವರನಿಗೆ ಗಣಿ ಕಾನೂನಿನ ಪ್ರಕಾರ ಪರೀಕ್ಷೆಯ ಕಾಗದವಿತ್ತು. ಟಿಂಬರ್‌ಮನ್ ಕಿವಿಯಲ್ಲಿದ್ದ ವಿದ್ಯೆಗೆ ಯಾವ ಕಾಗದ? ಗಣಿ ಮುಚ್ಚಿ ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ತುಂಬಿತು. ಮಾರಿಕುಪ್ಪಂನಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಬಂದ ಕೆಲಸಕ್ಕೆ ಕೈಹಾಕಿ, ಕಾವಲುಗಾರರಾಗಿ ಕೂತವರು ಅನೇಕರು.

ಇದು ಕಸಬಿಗೇ ಬೆಲೆ ಇಲ್ಲವಾದ್ದರಿಂದ ಆಯಿತೆ? ಇಲ್ಲ. ನಮ್ಮ ಧರೂರು, ಗದ್ವಾಲದವರಿಗೆ ಹಟ್ಟಿ ದೂರದ ಊರಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿನ ಇದೇ ಸೀಮೆಯಲ್ಲಿ, ಪಶ್ಚಿಮಕ್ಕೆ, ರಾಯಚೂರು ಜಿಲ್ಲೆಯಲ್ಲಿದೆ. ಅಲ್ಲಿ ಇವತ್ತಿಗೂ ಚಿನ್ನ ತೆಗೆಯುತ್ತಾರೆ, ಅದೇ ಕಸಬಿಗೆ ಇವತ್ತಿಗೂ ಸಂಬಳವಿದೆ. ಒಂದು ಹಟ್ಟಿ 3,500 ಜನರನ್ನು ಸಾಕಲಾರದು, ಅಷ್ಟೇ.

ತೋಟದಲ್ಲಿರುವ ನಮಗೆ ಇದರಿಂದೇನು ಎನ್ನುವವರು ತಮ್ಮ ಲೈನು ಮನೆಯನ್ನೊಮ್ಮೆ ನೋಡಿಕೊಳ್ಳಲಿ. ಕೋಲಾರದಲ್ಲೂ ಮನೆ ಕಂಪನಿಯದು, ಆಸ್ಪತ್ರೆ ಕಂಪನಿಯದು. 2024ರಲ್ಲಿ ತಿರುನೆಲ್ವೇಲಿಯ ಮಾಂಜೋಲೈ ಚಹಾ ತೋಟಗಳಲ್ಲಿ ಕಂಪನಿ ಕೆಲಸ ನಿಲ್ಲಿಸಿದಾಗ, ತಲೆಮಾರುಗಳಿಂದ ಅಲ್ಲೇ ಇದ್ದ ಕುಟುಂಬಗಳಿಗೆ ಕೆಲಸದ ಚಿಂತೆಯ ಜೊತೆಗೇ ಸೂರಿನ ಚಿಂತೆಯೂ ಬಂತು.

ಇನ್ನು ಕಾನೂನು. ಹಳೆಯ ಕೈಗಾರಿಕಾ ವಿವಾದ ಕಾಯಿದೆಯಲ್ಲಿ 100 ಕಾರ್ಮಿಕರಿದ್ದ ಕಾರ್ಖಾನೆ, ಗಣಿ, ತೋಟವನ್ನು ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆ ಇದನ್ನು 300ಕ್ಕೆ ಏರಿಸಿದೆ. ಅದಕ್ಕಿಂತ ಕಡಿಮೆ ಜನರಿದ್ದು 50ಕ್ಕೆ ಕಡಿಮೆ ಇಲ್ಲದ ಕಡೆ 60 ದಿನದ ನೋಟೀಸು ಕೊಟ್ಟರಾಯಿತು. ನಮ್ಮ ತೋಟಗಳಲ್ಲಿ 300 ಆಳಿನ ಹಾಜರಿ ಪುಸ್ತಕ ಎಷ್ಟು ಕಡೆ ಇದೆ, ನೀವೇ ಹೇಳಿ. ಪರಿಹಾರದ ಲೆಕ್ಕ ಮಾತ್ರ ಹಳೆಯದೇ: ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಕೂಲಿ. ಇಪ್ಪತ್ತು ವರ್ಷ ಪಲ್ಪರ್ ನಡೆಸಿದವನಿಗೆ ಹತ್ತು ತಿಂಗಳ ಕೂಲಿ. ಕಾನೂನು ವರ್ಷಗಳನ್ನು ಎಣಿಸುತ್ತದೆ. ಆ ವರ್ಷಗಳಲ್ಲಿ ಅವನ ಕೈ ಕಲಿತದ್ದನ್ನು ಎಣಿಸುವುದಿಲ್ಲ. ರಿಟ್ರೆಂಚ್‌ಮೆಂಟ್ ಆದವರಿಗೆಂದು ಹೊಸ ಸಂಹಿತೆ ಮರುತರಬೇತಿ ನಿಧಿಯೊಂದನ್ನು ಹೇಳಿದೆ, ತಲೆಗೆ 15 ದಿನದ ಕೂಲಿ. ಹದಿನೈದು ದಿನದ ದುಡ್ಡಿನಲ್ಲಿ ಯಾವ ಕಸಬು ಕಲಿಯುವುದೋ ಕಾನೂನು ಬರೆದವರೇ ತೋರಿಸಿಕೊಡಬೇಕು.

ಆದ್ದರಿಂದ ಕೆಲಸ ನಡೆಯುತ್ತಿರುವಾಗಲೇ ಸಂಘದವರು ಒಂದು ಬೇಡಿಕೆ ಮುಂದಿಡಬೇಕೆಂದು ನಮ್ಮ ಅಭಿಪ್ರಾಯ. ಬೋನಸ್ಸಿನ ಮಾತಿನ ಜೊತೆಗೇ ಇದನ್ನೂ ಎತ್ತಲಿ. ಮರಗಸಿ ಮಾಡುವವನು, ಪಲ್ಪರ್ ನಡೆಸುವವನು, ಟ್ರ್ಯಾಕ್ಟರ್ ಡ್ರೈವರು, ಪಂಪಿನ ಫಿಟ್ಟರು, ಬಡಗಿ, ನರ್ಸರಿಯಲ್ಲಿ ಸಸಿ ಬೆಳೆಸುವ ಅಕ್ಕಂದಿರು, ಇವರಲ್ಲಿ ಒಬ್ಬೊಬ್ಬರಿಗೂ ಸೇವಾಪತ್ರ ಸಿಗಬೇಕು. ಹೆಸರು, ಕಸಬು, ನಡೆಸಿದ ಯಂತ್ರ, ಎಷ್ಟು ವರ್ಷ, ಕೆಳಗೆ ಮ್ಯಾನೇಜರರ ಸಹಿ ಮತ್ತು ಮೊಹರು. ಕಂಪನಿಯ ಬೀಗದ ಆಚೆ ಕಚೇರಿಯ ಕಪಾಟಿನಲ್ಲಿ ಉಳಿದ ಕಾಗದ ಯಾರಿಗೂ ದಕ್ಕದು, ಅದು ಪಿ.ಎಫ್. ನಂಬರಿನ ಜೊತೆ ನಮ್ಮ ಮನೆಯ ಪೆಟ್ಟಿಗೆಯಲ್ಲಿರಬೇಕು. ಕಸಬಿನ ಜಾಗದಲ್ಲಿ ಬರೀ ‘ಕೂಲಿ’ ಎಂದು ಬರೆದುಕೊಟ್ಟರೆ ತೆಗೆದುಕೊಳ್ಳದೆ, ತಿದ್ದಿಸಿಯೇ ಕಚೇರಿಯಿಂದ ಹೊರಬನ್ನಿ.