ಜುಂಬಾ ಮಾಸ್ಟರ್‌ಗೆ ಟಿಪ್ ಕೊಡಬೇಕಾ?

ಊಟ ತಂದುಕೊಟ್ಟ ಹುಡುಗನಿಗೆ ಆ್ಯಪ್‌ನಲ್ಲೇ 20 ರೂಪಾಯಿ ಟಿಪ್ ಒತ್ತುತ್ತೇವೆ. ಕಟಿಂಗ್ ಮಾಡಿದವರಿಗೆ 50. ಆಯುಧಪೂಜೆ ಬಂತೆಂದರೆ ಸೆಕ್ಯೂರಿಟಿಯವರಿಗೆ, ಲಿಫ್ಟ್ ರಿಪೇರಿಯವರಿಗೆ, ಕಸದ ಗಾಡಿಯವರಿಗೆ ಹಬ್ಬದ ಇನಾಮು. ಆದರೆ ವಾರಕ್ಕೆ ಮೂರು ದಿನ ಬೆಳಿಗ್ಗೆ ಆರಕ್ಕೆ ನಮಗಿಂತ ಮೊದಲೇ ಬಂದು, ಸ್ಪೀಕರ್ ಜೋಡಿಸಿ, ನಿದ್ದೆಗಣ್ಣಿನ 22 ಜನರನ್ನು ಕುಣಿಸುವ ಜುಂಬಾ ಮಾಸ್ಟರ್‌ಗೆ? 'ಥ್ಯಾಂಕ್ಯೂ ಮಾಸ್ಟರ್' ಅಂತ ಒಂದು ಹೈಫೈ. ಅಷ್ಟೇ.

ಈ ಪ್ರಶ್ನೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ಬಂದದ್ದು ಮಾಸ್ಟರ್ ಕಾಲು ಉಳುಕಿಸಿಕೊಂಡಾಗ. ಮಳೆಗಾಲ, ಕ್ಲಬ್‌ಹೌಸ್ ನೆಲ ಒದ್ದೆಯಾಗಿತ್ತು. ಮೂರು ವಾರ ರೆಸ್ಟ್ ಅಂದರು ಡಾಕ್ಟರ್. ಏಜೆನ್ಸಿಯವರು ಮರುದಿನವೇ ಬೇರೆ ಹುಡುಗಿಯನ್ನು ಕಳಿಸಿದರು, ನಮ್ಮ ಕ್ಲಾಸ್ ಒಂದೂ ತಪ್ಪಲಿಲ್ಲ. ಮಾಸ್ಟರ್‌ಗೆ ಮಾತ್ರ ಮೂರು ವಾರ ಒಂದು ರೂಪಾಯಿಯೂ ಇಲ್ಲ. ಪಾಪ ಅನ್ನಿಸಿ ಎಲ್ಲರೂ ಸೇರಿ ಒಂದಿಷ್ಟು ದುಡ್ಡು ಕೂಡಿಸಿ ಕೊಟ್ಟೆವು. ಆಮೇಲೆ ಒಬ್ಬರು ಸಲಹೆ ಕೊಟ್ಟರು: ಸ್ಪೀಕರ್ ಮೇಲೆ ಖಾಯಂ ಆಗಿ ಒಂದು ಕ್ಯೂಆರ್ ಕೋಡ್ ಅಂಟಿಸೋಣ, ಕ್ಲಾಸ್ ಇಷ್ಟ ಆದವರು ಟಿಪ್ ಹಾಕಲಿ. ಹತ್ತು ನಿಮಿಷದಲ್ಲಿ 14 ಥಂಬ್ಸ್‌ಅಪ್.

ನನಗೆ ಅದು ಸರಿ ಕಾಣಲಿಲ್ಲ. ಯಾಕೆ ಅನ್ನೋದಕ್ಕೆ ಮೊದಲು ಲೆಕ್ಕ ನೋಡಿ.

ನಾವು ತಲಾ 1,200 ಕೊಡ್ತೀವಿ. 22 ಜನ, ಅಂದರೆ ತಿಂಗಳಿಗೆ 26,400. ಮಾಸ್ಟರ್‌ಗೆ ಸಿಗೋದು ಕ್ಲಾಸಿಗೆ 500. ತಿಂಗಳಿಗೆ 12 ಕ್ಲಾಸ್, 6,000 ರೂಪಾಯಿ. ಅದರಲ್ಲೂ 'ಕನ್ಸಲ್ಟೆಂಟ್' ಅನ್ನೋ ಹೆಸರಿನಲ್ಲಿ ಶೇ. 10 ಟಿಡಿಎಸ್ ಕಡಿತ, ಕೈಗೆ 5,400. ಮಿಕ್ಕಿದ್ದೆಲ್ಲ ಏಜೆನ್ಸಿ ನುಂಗುತ್ತದೆ ಅಂತ ನಾನು ಹೇಳ್ತಿಲ್ಲ. ಕ್ಲಬ್‌ಹೌಸ್ ಬಾಡಿಗೆ, ಸ್ಪೀಕರ್, ಜಿಎಸ್‌ಟಿ, ಬದಲಿ ಜನ ಎಲ್ಲ ಅವರದೇ. ಆದರೂ ನಾಲ್ಕರಲ್ಲಿ ಒಂದು ಪಾಲೂ ಕುಣಿಸುವವರಿಗೆ ಹೋಗ್ತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಿಮ್, ಯೋಗ, ಫಿಟ್‌ನೆಸ್ ಸೇವೆಗಳ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿಯಿತಲ್ಲ, ಆಗಲೂ ಮಾಸ್ಟರ್ ರೇಟ್ 500ರಲ್ಲೇ ನಿಂತಿತ್ತು.

'ಗಂಟೆಗೆ 500 ಕಮ್ಮಿನಾ?' ಅಂತ ನೀವು ಕೇಳಬಹುದು, ನಮ್ಮ ಗ್ರೂಪಲ್ಲೂ ಕೇಳಿದರು. ಗಂಟೆ ಅನ್ನೋದೇ ಇಲ್ಲಿ ಮೋಸದ ಅಳತೆ. ಮಾಸ್ಟರ್ ಬೊಮ್ಮನಹಳ್ಳಿಯಿಂದ ಐದಕ್ಕೆ ಬೈಕ್ ಹತ್ತುತ್ತಾರೆ. ಆರಕ್ಕೆ ನಮ್ಮದು, ಏಳೂಕಾಲಿಗೆ ಕಸವನಹಳ್ಳಿಯಲ್ಲಿ ಇನ್ನೊಂದು. ಆಮೇಲೆ ಸಂಜೆ ಆರರ ತನಕ ಏನೂ ಇಲ್ಲ, ಯಾಕಂದ್ರೆ ಹಗಲಿಡೀ ನಾವು ಲ್ಯಾಪ್‌ಟಾಪ್ ಮುಂದೆ ಕೂತಿರ್ತೀವಿ. ನಮಗೆ ಬಿಡುವಿರುವ ದಿನದ ಎರಡು ತುದಿಗಳಲ್ಲಷ್ಟೇ ಅವರಿಗೆ ದುಡಿಮೆ. ಎಷ್ಟೇ ಕಷ್ಟಪಟ್ಟರೂ ದಿನಕ್ಕೆ ನಾಲ್ಕು ಕ್ಲಾಸ್; ಅದಕ್ಕಿಂತ ಹೆಚ್ಚಾದರೆ ಮಂಡಿ ಕೇಳಲ್ಲ, ಗಂಟಲು ಮೊದಲೇ ಕೇಳಲ್ಲ. ಮೈಕ್ ಇಲ್ಲದೆ ಹಾಡಿನ ಸದ್ದಿನ ಮೇಲೆ ಕೂಗಿ ಹೇಳಬೇಕಲ್ಲ.

ಮಧ್ಯಾಹ್ನ ಮಲಗ್ತಾರಾ ಅಂದರೆ ಅದೂ ಇಲ್ಲ. ಹೊಸ ಹಾಡು ಹುಡುಕಿ ಸ್ಟೆಪ್ ಕೂಡಿಸಬೇಕು. ಎರಡು ವಾರ ಒಂದೇ ಹಾಡು ಹಾಕಿದರೆ ನಾವೇ ಗೊಣಗ್ತೀವಿ. ಇನ್ನು ಜುಂಬಾ ಅನ್ನೋದು ಒಂದು ಕಂಪನಿಯ ಟ್ರೇಡ್‌ಮಾರ್ಕ್. ಕೊಲಂಬಿಯಾದ ಬೆಟೊ ಪೆರೆಜ್ ಶುರು ಮಾಡಿದ ಈ ಕುಣಿತದ ಹೆಸರಲ್ಲಿ ಕಲಿಸಲು ಟ್ರೇನಿಂಗ್ ಮಾಡಿ, ಲೈಸೆನ್ಸ್ ಉಳಿಸಿಕೊಳ್ಳಲು ತಿಂಗಳು ತಿಂಗಳು ಸದಸ್ಯತ್ವದ ಫೀ ಕಟ್ಟಬೇಕು. ನ್ಯೂಜಿಲೆಂಡ್‌ನ ಲೆಸ್ ಮಿಲ್ಸ್ ಕ್ಲಾಸ್‌ಗಳನ್ನು ಕಲಿಸುವವರಿಗಂತೂ ಮೂರು ತಿಂಗಳಿಗೊಮ್ಮೆ ಹೊಸ ಕೊರಿಯೋಗ್ರಫಿ ಬರುತ್ತದೆ. ನಮಗೆ ಕಂಪನಿ ಸರ್ಟಿಫಿಕೇಷನ್ ದುಡ್ಡು ವಾಪಸ್ ಕೊಡುತ್ತದೆ, ಇವರಿಗೆ ಕೊಡುವವರು ಯಾರು?

ಎಲ್ಲಕ್ಕಿಂತ ದೊಡ್ಡ ಹೊಡೆತ ಕ್ಯಾನ್ಸಲ್. ಪರೀಕ್ಷೆ ಸೀಸನ್, ದಸರಾ, ವರ್ಷದ ಕೊನೆ ವಾರ, 'ನಾಳೆ ಐದು ಜನರೂ ಬರಲ್ಲ' ಅನ್ನೋ ರಾತ್ರಿ ಹನ್ನೊಂದರ ಮೆಸೇಜು. ಕ್ಲಾಸ್ ಇಲ್ಲ ಅಂದರೆ ದುಡ್ಡಿಲ್ಲ. ನನಗೆ ಆನ್‌ಕಾಲ್ ವಾರದಲ್ಲಿ ಒಂದೇ ಒಂದು ಅಲರ್ಟ್ ಬರದಿದ್ದರೂ ಅಲೊವೆನ್ಸ್ ಬರುತ್ತದೆ. ಯಾಕಂದ್ರೆ ಆ ಹೊತ್ತನ್ನು ಅವರಿಗೆ ಕೊಟ್ಟಿದ್ದೀನಿ. ಮಾಸ್ಟರ್ ಕೂಡ ಕೊಟ್ಟಿದ್ದಾರಲ್ಲ.

ಈಗ ಟಿಪ್‌ಗೆ ಬರೋಣ. ಡಲ್ಲಾಸ್‌ನಲ್ಲಿರುವ ನನ್ನ ಕಾಲೇಜು ಗೆಳತಿಯ ಸ್ಟುಡಿಯೋದಲ್ಲಿ ಕ್ಲಾಸ್ ಮುಗಿದ ತಕ್ಷಣ ಬುಕಿಂಗ್ ಆ್ಯಪ್ ಟಿಪ್ ಕೇಳುತ್ತದಂತೆ. 'ಕಾಫಿಗೂ ಕೇಳ್ತಾರೆ, ಬೆವರಿಗೂ ಕೇಳ್ತಾರೆ ಕಣೋ' ಅಂದಳು. ಆ ದೇಶದಲ್ಲಿ ಟಿಪ್ ಸಂಸ್ಕೃತಿ ಎಲ್ಲಿಗೆ ಮುಟ್ಟಿದೆ ನೋಡಿ: ಟಿಪ್ ಸಿಗುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್. 1991ರಿಂದ ಒಂದು ಸೆಂಟ್ ಏರಿಲ್ಲ. ಉಳಿದವರಿಗೆ 7.25. ಟಿಪ್ ಸೇರಿಸಿಯೂ 7.25 ಮುಟ್ಟದಿದ್ದರೆ ಮಾಲೀಕರು ತುಂಬಿಕೊಡಬೇಕು ಅಂತ ಕಾನೂನಿದೆ, ನಿಜ. ಹಲವು ರಾಜ್ಯಗಳು ಇದಕ್ಕಿಂತ ಹೆಚ್ಚು ಕೊಡಿಸುತ್ತವೆ. ಆದರೂ ಹೋಟೆಲ್ ಸರ್ವರ್‌ಗಳಿಗೆ ಗಿರಾಕಿ ಟಿಪ್ ಕೊಡ್ತಾನೆ ಅನ್ನೋದೇ ಮಾಲೀಕ ಕಮ್ಮಿ ಕೊಡಲು ಕಾರಣವಾಗಿಬಿಟ್ಟಿದೆ. ನಮ್ಮ ಸ್ಪೀಕರ್ ಮೇಲಿನ ಕ್ಯೂಆರ್ ಕೂಡ ಮುಂದಿನ ವರ್ಷ ಏಜೆನ್ಸಿ ಬಾಯಲ್ಲಿ 'ಹೇಗೂ ಟಿಪ್ ಬರುತ್ತಲ್ಲ' ಆಗೋದಕ್ಕೆ ಎಷ್ಟು ಹೊತ್ತು ಬೇಕು?

ಇನ್ನೊಂದು ವಿಷಯ. ಟಿಪ್ ಯಾರಿಗೆ ಹೆಚ್ಚು ಬೀಳುತ್ತದೆ? ವಾರ್ಮ್‌ಅಪ್ ಬಿಟ್ಟು ಸೀದಾ ಹಿಟ್ ಹಾಡು ಹಾಕುವವರಿಗೆ. 'ಆಂಟಿ, ಮಂಡಿ ಒಳಗೆ ತಿರುಗ್ತಿದೆ, ನಿಲ್ಲಿಸಿ' ಅಂತ ಎಲ್ಲರ ಮುಂದೆ ಹೇಳುವವರಿಗೆ ಬೀಳಲ್ಲ. ನಮಗೆ ನಿಜಕ್ಕೂ ಬೇಕಿರೋದು ಎರಡನೆಯವರು. ಬದಲಿಗೆ ಬಂದಿದ್ದ ಆ ಹುಡುಗಿಯ ವಿಚಾರ ಯೋಚಿಸಿ. ಯಾರೋ ಒಬ್ಬ ಪ್ರತಿ ಕ್ಲಾಸಿಗೂ 200 ಹಾಕಿ, ಆಮೇಲೆ ಪರ್ಸನಲ್ ಮೆಸೇಜ್ ಶುರು ಮಾಡಿದರೆ ಆಕೆ ಅವನನ್ನು ಬ್ಲಾಕ್ ಮಾಡುವ ಮುಂಚೆ ತಿಂಗಳ ಬಾಡಿಗೆ ಲೆಕ್ಕ ಹಾಕಬೇಕಾಗುತ್ತೆ.

ಮಾಸ್ಟರ್ ಹತ್ತಿರವೇ ಕೇಳಿದೆ. ನಕ್ಕರು. 'ಟಿಪ್ ಬೇಡ ಸರ್. ಕ್ಯಾನ್ಸಲ್ ಮಾಡೋದಾದ್ರೆ ಹಿಂದಿನ ದಿನ ಸಂಜೆ ಹೇಳಿ ಸಾಕು, ಬೇರೆ ಕಡೆ ಕ್ಲಾಸ್ ಹಿಡೀತೀನಿ.' ಒಂದು ಕಡೆ ವಿಜಯದಶಮಿಗೆ ಹೆಂಗಸರೆಲ್ಲ ಸೇರಿ ತಾಂಬೂಲದಲ್ಲಿ ದುಡ್ಡಿಟ್ಟು ಕೊಟ್ಟಿದ್ದರಂತೆ. ಅದನ್ನು ಕಣ್ಣಿಗೊತ್ತಿಕೊಂಡು ತಗೊಂಡೆ ಅಂದರು. ವರ್ಷಕ್ಕೊಮ್ಮೆ, ಎಲ್ಲರೂ ಸೇರಿ, ಕಲಿಸಿದವರಿಗೆ ಅಂತ ಕೊಟ್ಟದ್ದಕ್ಕೂ ಇವತ್ತು ಚೆನ್ನಾಗಿ ಕುಣಿಸಿದಿರಿ ಅಂತ ಹಾಕಿದ 30 ರೂಪಾಯಿಗೂ ಇರುವ ವ್ಯತ್ಯಾಸ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಕಾನೂನೇನಾದ್ರೂ ಕೈ ಹಿಡಿಯುತ್ತಾ ಅಂತಲೂ ನೋಡಿದೆ. ಕರ್ನಾಟಕ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರಿಗೆ ಕಾಯ್ದೆ ತಂದಿದೆ. ಕಾರ್ಮಿಕರಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರಷ್ಟು ಕಲ್ಯಾಣ ಶುಲ್ಕಕ್ಕೆ ಅದರಲ್ಲಿ ಅವಕಾಶವಿದೆ. ಅದು ಆ್ಯಪ್ ಮೂಲಕ ಕೆಲಸ ಮಾಡುವವರಿಗೆ. ಫೋನ್ ಮಾಡಿ 'ನಾಳೆ ಕ್ಲಾಸ್ ಇದೆ' ಅನ್ನುವ ಸಣ್ಣ ಏಜೆನ್ಸಿಯ ಕನ್ಸಲ್ಟೆಂಟ್‌ಗೆ ಅದೂ ಇಲ್ಲ, ಪಿಎಫ್, ಇಎಸ್‌ಐ ಕೂಡ ಇಲ್ಲ.

ಹಾಗಾಗಿ ಉಳಿದದ್ದು ನಮ್ಮ ಕೈಯಲ್ಲಿರುವ ಕಾಂಟ್ರಾಕ್ಟ್. ರಿನ್ಯೂವಲ್ ಹೊತ್ತಿಗೆ ಮೂರು ಸಾಲು ಬರೆದು ಅಸೋಸಿಯೇಷನ್‌ಗೆ ಕೊಟ್ಟೆ: ಇನ್‌ಸ್ಟ್ರಕ್ಟರ್‌ಗೆ ಕ್ಲಾಸಿಗೆ ಕನಿಷ್ಠ 800, ಹಿಂದಿನ ಸಂಜೆ ಆರರ ನಂತರ ರದ್ದು ಮಾಡಿದರೆ ಪೂರ್ತಿ ದುಡ್ಡು, ನಮ್ಮ ಜಾಗದಲ್ಲಿ ಪೆಟ್ಟಾದರೆ ಎರಡು ವಾರದ ಕ್ಲಾಸಿನ ಹಣ. 800 ಕೊಟ್ಟರೆ ತಿಂಗಳಿಗೆ 3,600 ಹೆಚ್ಚು, ತಲೆಗೆ 163 ರೂಪಾಯಿ ಚಿಲ್ಲರೆ. ಒಂದು ಮಸಾಲೆದೋಸೆ, ಕಾಫಿ.

ಮೀಟಿಂಗ್‌ನಲ್ಲಿ ಮೂರನೇ ಮಹಡಿಯ ಅಂಕಲ್ ಒಬ್ಬರು 'ಅವರೇನು ನಮ್ಮ ಎಂಪ್ಲಾಯಿನಾ?' ಅಂದರು. ಎರಡನೇ ಸಾಲು ಸುಲಭವಾಗಿ ಪಾಸಾಯಿತು. ಮೊದಲನೆಯದಕ್ಕೆ ನಮ್ಮ ಪಾಲಿನ ಹೆಚ್ಚುವರಿ ಕೊಡಲು 22 ಜನರಲ್ಲಿ 17 ಮಂದಿ ಒಪ್ಪಿದ್ದಾರೆ. ಆ ದುಡ್ಡು ಮಾಸ್ಟರ್‌ಗೇ ಸೇರುತ್ತದೆ ಅಂತ ಲಿಖಿತವಾಗಿ ಕೊಡಿ ಅಂತ ಏಜೆನ್ಸಿಗೆ ಮೇಲ್ ಹಾಕಿದ್ದೀವಿ. ಮೂರನೆಯದು ಮುಂದಿನ ಮೀಟಿಂಗ್‌ಗೆ. ಕ್ಲಬ್‌ಹೌಸ್ ನೆಲ ಇನ್ನೂ ಸೋರ್ತಾನೇ ಇದೆ, ಸದ್ಯಕ್ಕೆ ಕ್ಲಾಸಿಗೆ ಮುಂಚೆ ನಾವೇ ಮಾಪ್ ಹಿಡಿದು ಒರೆಸ್ತಿದ್ದೀವಿ.