ಹೆಬ್ಬೆರಳಿನ ಕಾವಲು

ಪಿ.ಯು.ಸಿ. ಫಲಿತಾಂಶ ಬಂದೊಡನೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ನಮ್ಮ ಮನೆಗಳಲ್ಲಿ ಮಾಹಿತಿ ವಿಜ್ಞಾನದ ಮಾತು ಏಳುತ್ತದೆ. ಅದರ ಬೆನ್ನಿಗೇ ಸಂಬಳದ ಮಾತು. ತಪ್ಪೇನಿಲ್ಲ. ಕೊಬ್ಬರಿಯ ಬೆಲೆಯನ್ನು ನಂಬಿ ಶುಲ್ಕ ಕಟ್ಟುವವರು ಲೆಕ್ಕ ಹಾಕಲೇಬೇಕು. ಆದರೆ ಸೈಬರ್ ಭದ್ರತೆಯನ್ನು ಕಲಿಯುವ ಮಕ್ಕಳ ಬೆಳವಣಿಗೆಗೆ ಬೇರೊಂದು ಅಳತೆಗೋಲು ಬೇಕೆಂಬುದು ನಮ್ಮ ಅಭಿಪ್ರಾಯ.

2024ರಲ್ಲಿ ಉಂಡೆ ಕೊಬ್ಬರಿಯನ್ನು ಕ್ವಿಂಟಾಲಿಗೆ 12,000 ರೂ. ಬೆಂಬಲ ಬೆಲೆಗೆ ಮಾರಲು ನಮ್ಮ ರೈತರು ಸಾಲಿನಲ್ಲಿ ನಿಂತು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಂಡರು. ಪಡಿತರಕ್ಕೂ ಬ್ಯಾಂಕಿಗೂ ಅದೇ ಬೆರಳು. 2023ರಲ್ಲಿ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಗಳಿಂದ, ಆಧಾರ್ ಬೆರಳಚ್ಚನ್ನು ನಕಲು ಮಾಡಿ ಹಣ ತೆಗೆದ ದೂರುಗಳು ಕರ್ನಾಟಕದಲ್ಲಿ ಕೇಳಿಬಂದವು. ಗುಪ್ತಪದ ಕಳುವಾದರೆ ಬದಲಾಯಿಸಬಹುದು, ಹೆಬ್ಬೆರಳನ್ನು ಬದಲಾಯಿಸಲಾದೀತೆ? ಆಧಾರ್ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ, ಹಣ ಹೋದೊಡನೆ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಜಗಲಿಯಲ್ಲಿ ಕುಳಿತು ಅಜ್ಜನಿಗೆ ತಿಳಿಹೇಳಬಲ್ಲ ವಿದ್ಯಾರ್ಥಿ ಅಂಕಪಟ್ಟಿಯಲ್ಲಿ ಕಾಣದ ಪಾಠವೊಂದನ್ನು ಕಲಿತಿದ್ದಾನೆ.

ಆರಂಭದಲ್ಲಿ ಹುಡುಗರಿಗೆ ಬೀಗ ಒಡೆಯುವುದರಲ್ಲೇ ರೋಮಾಂಚನ. "ಪಕ್ಕದ ಮನೆಯವರ ಮೊಬೈಲ್ ತೆರೆಯುತ್ತೀಯೇನೋ?" ಎಂದು ಹಿರಿಯರೇ ಹುರಿದುಂಬಿಸುವುದನ್ನೂ ಕಂಡಿದ್ದೇವೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೆಯ ಕಲಮಿನಂತೆ ಅಂಥ ಕೃತ್ಯಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಈ ವಿಷಯದಲ್ಲಿ ಮೊದಲು ತಿದ್ದಿಕೊಳ್ಳಬೇಕಾದವರು ಹೆತ್ತವರು.

ಪಿಂಚಣಿ ಬಂತೇ ನೋಡೆಂದು ಅಜ್ಜಿ ಫೋನನ್ನು ಕೈಗಿತ್ತು, ಪಿನ್ ಸಂಖ್ಯೆಯನ್ನೂ ಗಟ್ಟಿಯಾಗಿ ಹೇಳತೊಡಗುತ್ತಾರೆ. "ನನಗೂ ಹೇಳಬೇಡ ಅಜ್ಜಿ, ನೀನೇ ಒತ್ತು" ಎಂದು ಮೊಮ್ಮಗಳು ಮುಖ ತಿರುಗಿಸಿ ನಿಂತರೆ, ಶುಲ್ಕ ಕಟ್ಟಿದ್ದು ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.